ಅವ್ವನ ಬಟ್ಟಲಿಗೆ ಎಷ್ಟು ಗ್ರಾಂ?

‘ಒಂದು ಕಪ್ ಅಂದ್ರೆ ಎಷ್ಟು ಗ್ರಾಂ?’ ಅಂತ ಫೋನ್‌ನಲ್ಲಿ ಹುಡುಕಿದವರು ನಮ್ಮಲ್ಲಿ ಬಹಳ ಜನ ಇದ್ದೀವಿ. ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಕಪ್, ಅದರಾಗ ಏನು ತುಂಬೀರಿ ಅನ್ನೋದು ಮೊದಲು ಗೊತ್ತಾಗಬೇಕು. 240 ಮಿಲಿ ಕಪ್ಪಿನಲ್ಲಿ ನೀರು 240 ಗ್ರಾಂ ತೂಗಿದರೆ, ಸಕ್ಕರೆ ಸುಮಾರು 200, ಗೋಧಿಹಿಟ್ಟು ಸುಮಾರು 120. ಅದೇ ಹಿಟ್ಟನ್ನು ಒತ್ತಿ ತುಂಬಿದರೆ 150ರ ತನಕ ಹೋಗುತ್ತದೆ.

ಅಕ್ಕನ ಬಾಣಂತನಕ್ಕೆ ಪುಣೆಯಲ್ಲಿ ಅಂಟಿನ ಉಂಡಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮಂಡಿನೋವಿನ ಅವ್ವ ತುಕ್ಕಾನಟ್ಟಿ ಬಿಟ್ಟು ಬರುವ ಹಾಗಿರಲಿಲ್ಲ. ಫೋನಿನಲ್ಲೇ ಹೇಳಿದಳು: “ಒಂದ್ ಬಟ್ಟಲ ಅಂಟ, ನಾಕ್ ಬಟ್ಟಲ ಒಣಕೊಬ್ಬರಿ, ಎರಡ್ ಬಟ್ಟಲ ಬೆಲ್ಲ. ತುಪ್ಪ ಹಿಡಿದಷ್ಟ.” ಬಟ್ಟಲು ಅಲ್ಲಿ, ಸಾಮಾನು ಇಲ್ಲಿ. ಅದೂ ಗ್ರಾಂ ಲೆಕ್ಕದ ಪಾಕೀಟಿನಲ್ಲಿ.

ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ನೆನಪಾಯ್ತು. “ಯವ್ವಾ, ಖಾಲಿ ಬಟ್ಟಲ ತೂಕ ಮಾಡಿಸು, ಆಮ್ಯಾಲೆ ನೀರ ತುಂಬಿ ಮತ್ತೊಮ್ಮೆ ಮಾಡಿಸು ಬೇ” ಅಂದೆ. “ನೀರ ಯಾರ ತೂಗತಾರೋ!” ಅಂತ ನಕ್ಕಳು, ಆದರೂ ತಮ್ಮನ ಕೈಲಿ ಮಾಡಿಸಿದಳು. ವ್ಯತ್ಯಾಸ 180 ಗ್ರಾಂ. ಒಂದು ಗ್ರಾಂ ನೀರು ಅಂದರೆ ಒಂದು ಮಿಲಿ, ಹಾಗಾಗಿ ಅವ್ವನ ಬಟ್ಟಲು 180 ಮಿಲಿ. ಮುಂದಿನದು ಸಲೀಸು. ಇಲ್ಲಿ ಒಂದು ಲೋಟಕ್ಕೆ 180 ಮಿಲಿ ಗುರುತು ಹಾಕಿ, ಒಂದೊಂದೇ ಸಾಮಾನು ತುಂಬಿ ತೂಗಿದೆ. ಒಣಕೊಬ್ಬರಿ ತುರಿ ಬಟ್ಟಲಿಗೆ 60 ಗ್ರಾಂ ಆಸುಪಾಸು. ಬೆಲ್ಲದ ಪುಡಿ ಸಡಿಲಾಗಿ 120, ಒತ್ತಿದರೆ 150. ಎರಡು ಬಟ್ಟಲಿಗೆ 60 ಗ್ರಾಂ ಫರಕು, ಉಂಡಿ ಗಟ್ಟಿಯಾಗೋಕೆ ಅಷ್ಟು ಸಾಕು. ಕೇಳಿದರೆ ಅವ್ವ ಒತ್ತಿಯೇ ತುಂಬುತ್ತಾಳಂತೆ.

ನಿಜವಾದ ತೊಡಕು ಅಂಟಿನದು. ಗೋಕಾಕ ಕರದಂಟಿಗೂ ಬೀಳುವ ಅದೇ ಗೋಂದು. ತುಪ್ಪದಲ್ಲಿ ಕರಿದರೆ ಹರಳು ಅಳ್ಳಿನ ಹಾಗೆ ಅರಳಿ ಮೂರು ನಾಲ್ಕು ಪಟ್ಟು ಆಗುತ್ತದೆ. ‘ಒಂದ್ ಬಟ್ಟಲ’ ಅಂದದ್ದು ಕರಿಯೋಕೆ ಮುಂಚೆಯೋ, ಆಮೇಲೋ? ತೂಕಕ್ಕೆ ಈ ಗೊಂದಲ ಇಲ್ಲ, ಅಂಗಡಿಯಿಂದ ತಂದ ಹರಳನ್ನೇ ತೂಗಿದರಾಯ್ತು. “ಕರದ ಮ್ಯಾಲಿಂದಪಾ, ಹಸೀದ ಅಷ್ಟ ಹಾಕಿದ್ರ ಉಂಡಿ ಬರೇ ಅಂಟೇ ಆಕ್ಕೈತಿ” ಅಂದಳು ಅವ್ವ. ಅಂದರೆ ಬೇಕಾದದ್ದು ಮೂವತ್ತೇ ಗ್ರಾಂ ಚಿಲ್ಲರೆ, ನಾನು ತರಿಸಿದ್ದ ಪಾಕೀಟು ಕಾಲು ಕೆಜಿಯದು.

ಅಜ್ಜಿಯ ಕಾಲದ ಲೆಕ್ಕ ಸಿಕ್ಕಿದರೆ ಇನ್ನೂ ಒಂದು ಎಚ್ಚರ. ‘ಸೇರು’ ಅಂದರೆ ತೂಕವೂ ಹೌದು, ಅಳತೆಯೂ ಹೌದು. 80 ತೊಲೆಯ ತೂಕದ ಸೇರು ಸುಮಾರು 933 ಗ್ರಾಂ. ಕಾಳು ಅಳೆಯುವ ಸೇರಿನ ಮಾತೇ ಬೇರೆ: ಒಂದು ಲೀಟರ್ ಹಿಡಿಯುವ ಪಾತ್ರೆಯಲ್ಲಿ ಜೋಳ ಮುಕ್ಕಾಲು ಕೆಜಿ ಆಸುಪಾಸು ಮಾತ್ರ. 1956ರ ಕಾಯ್ದೆಯಿಂದ ಕೆಜಿ, ಲೀಟರ್ ಬಂದರೂ ಮನೆಯ ಬಾಯಿಲೆಕ್ಕದಲ್ಲಿ ಸೇರು ಉಳಿದೇ ಇದೆ.

ವಿದೇಶಿ ರೆಸಿಪಿ ನೋಡುವವರಿಗೂ ಒಂದು ಮಾತು: ಅಮೆರಿಕದ ಕಪ್ ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250. ದೊಡ್ಡ ಚಮಚ ಅಮೆರಿಕದಲ್ಲಿ 15, ಆಸ್ಟ್ರೇಲಿಯಾದಲ್ಲಿ 20. ಉಪ್ಪು, ಸೋಡಾ ಹಾಕುವಾಗ ಇದನ್ನು ನೋಡಿಕೊಳ್ಳಿ. ಒಗ್ಗರಣೆಗೆ ಇಷ್ಟೆಲ್ಲ ಬೇಡ.