ಸತ್ತದ್ದು ಬಿಡಿಭಾಗ, ಯಂತ್ರವಲ್ಲ

ಗುಂಡ್ಲುಪೇಟೆಯ ರೈತನ ಸಿಂಗಲ್ ಫೇಸ್ ಪಂಪ್‌ಸೆಟ್ ಗುಂಯ್‌ಗುಟ್ಟಿ ನಿಂತರೆ ಆತ ಮೊದಲು ಸ್ಟಾರ್ಟರ್ ಪೆಟ್ಟಿಗೆಯ ಕೆಪಾಸಿಟರನ್ನು ನೋಡುತ್ತಾನೆ. ಅದು ಹೋಗಿದ್ದರೆ ಪೇಟೆಯಿಂದ ಬೇರೊಂದನ್ನು ತಂದು ಹಾಕಿಸುತ್ತಾನೆಯೇ ಹೊರತು ಮೋಟಾರನ್ನೇ ಗುಜರಿಗೆ ಹಾಕುವುದಿಲ್ಲ. ಆದರೆ ಅದೇ ಮನೆಯ ಅಟ್ಟದಲ್ಲಿರುವ ಹಳೆಯ ರೆಕಾರ್ಡ್ ಪ್ಲೇಯರ್ ಮೌನವಾದರೆ ತೀರ್ಪು ಬೇರೆ: ‘ಅದರ ಕಾಲ ಮುಗಿಯಿತು, ತೂಕಕ್ಕೆ ಹಾಕಿ.’ ಈ ತೀರ್ಪು ಕೊಟ್ಟವರು ಯಂತ್ರವನ್ನು ಬಿಚ್ಚಿ ನೋಡಿದವರಲ್ಲ. ಹೊಸದನ್ನು ಮಾರಲು ಕುಳಿತವರು.

ಚಾಮರಾಜನಗರ ಸೀಮೆಯ ಮದುವೆ ಚಪ್ಪರ, ಜಾತ್ರೆ, ಟೆಂಟ್ ಸಿನಿಮಾಗಳಲ್ಲಿ ಒಂದು ಕಾಲಕ್ಕೆ ಮೈಕ್‌ಸೆಟ್ಟಿನ ರೆಕಾರ್ಡುಗಳೇ ಮೊಳಗುತ್ತಿದ್ದವು. ಈ ಸೀಮೆಯ ಸೆರಗಿನ ಗಾಜನೂರಿನಲ್ಲಿ 1929ರಲ್ಲಿ ಜನಿಸಿದ ಡಾ. ರಾಜಕುಮಾರ್ ಅವರ ಕಂಠ ಹಳ್ಳಿಗಳನ್ನು ತಲುಪಿದ ಹಾದಿಗಳಲ್ಲಿ ಆ ಕಪ್ಪು ತಟ್ಟೆಯೂ ಒಂದು. ಎಚ್‌ಎಂವಿ ಫಿಯೆಸ್ಟಾದಂತಹ ಪೆಟ್ಟಿಗೆ ಪ್ಲೇಯರುಗಳು ಇಂದು ಧೂಳು ಹಿಡಿದಿರುವುದಕ್ಕೆ ಕಾರಣ ಅನೇಕ ವೇಳೆ ಅತಿ ಸಣ್ಣದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ರಾಸಾಯನಿಕ ದ್ರವದಲ್ಲಿ ನೆನೆದ ಕಾಗದವಿರುತ್ತದೆ. ವರ್ಷಗಳು ಕಳೆದಂತೆ ಆ ದ್ರವ ಆರುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಆಗ ಹಾಡಿನ ಹಿಂದೆ ಗುಂಯ್ ಎಂಬ ನಾದ ಸೇರುತ್ತದೆ, ಧ್ವನಿ ಕುಗ್ಗುತ್ತದೆ. ಎಲೆಕ್ಟ್ರಾನಿಕ್ ವೇಗನಿಯಂತ್ರಣವಿದ್ದರೆ ನಿಮಿಷಕ್ಕೆ 33⅓ ಸುತ್ತಿನ ಓಟವೂ ತಡವರಿಸಬಹುದು. ಕೆಲವೇ ರೂಪಾಯಿಯ ಬಿಡಿಭಾಗ ಒಣಗಿದ್ದಕ್ಕೆ ಇಡೀ ಯಂತ್ರಕ್ಕೆ ಮರಣದಂಡನೆಯೇ?

ಗುಜರಿಗೆ ಹೋದದ್ದು ಮಾಯವಾಗುವುದಿಲ್ಲ. ತಾಮ್ರದ ಆಸೆಗೆ ಪಿವಿಸಿ ಹೊದಿಕೆಯ ತಂತಿಯನ್ನು ಬಯಲಿನಲ್ಲಿ ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ. ಹಳೆಯ ಬೆಸುಗೆಯಲ್ಲಿ ಸೀಸವಿದೆ. ಇತ್ತ ಹೊಸ ಯಂತ್ರದ ಲೋಹಕ್ಕೆ ಇನ್ನೊಂದು ಬೆಟ್ಟವನ್ನು ಬಗೆಯಬೇಕು. ಅಲ್ಯೂಮಿನಿಯಂ ಬರುವುದು ಬಾಕ್ಸೈಟ್ ಅದಿರಿನಿಂದ. ಆ ಗಣಿಯನ್ನು ಒಡಿಶಾದ ನಿಯಮಗಿರಿಯ ಗ್ರಾಮಸಭೆಗಳು 2013ರಲ್ಲಿ ತಿರಸ್ಕರಿಸಿದವು. ಕರಿಕಲ್ಲಿನ ಗಣಿಗಳು ಉಳಿಸಿಹೋದ ಗುಂಡಿಗಳನ್ನು ಕಂಡ ಚಾಮರಾಜನಗರದ ಜನರಿಗೆ ಆ ತಿರಸ್ಕಾರದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಯಂತ್ರ ಅಪಾಯಕಾರಿ ಎಂಬ ಆಕ್ಷೇಪಣೆಯಿದೆ. ಅದರಲ್ಲಿ ಸತ್ಯಾಂಶವೂ ಇದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಇಳಿಸದೆ ಕೈ ಹಾಕಬಾರದು. ಹೊಸ ಕೆಪಾಸಿಟರಿನ ಮೈಕ್ರೊಫ್ಯಾರಡ್ ಮೂಲದಷ್ಟೇ ಇರಬೇಕು, ವೋಲ್ಟೇಜ್ ಅದಕ್ಕಿಂತ ಕಡಿಮೆಯಿರಬಾರದು, ಧನ-ಋಣ ತುದಿಗಳು ಅದಲುಬದಲಾಗಬಾರದು; 105 ಡಿಗ್ರಿ ತಾಳುವಂಥದ್ದಾದರೆ ಬಾಳಿಕೆ ಹೆಚ್ಚು. ತೆಗೆದ ಭಾಗವನ್ನು ಹೊಲಕ್ಕೆಸೆಯದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು. ಆದರೆ ಇವೆಲ್ಲ ಕಲಿಯಬಹುದಾದ ವಿದ್ಯೆ. ಅಪಾಯವಿದೆಯೆಂದು ವಿದ್ಯೆಯನ್ನೇ ಮುಚ್ಚಿಡುವುದು ಎಚ್ಚರಿಕೆಯಲ್ಲ, ವ್ಯಾಪಾರ.

ಬೀಜದ ವಿಷಯದಲ್ಲಿ ರೈತ ಈ ಪಾಠವನ್ನು ಈಗಾಗಲೇ ಕಲಿತಿದ್ದಾನೆ. ಮನೆಯ ಕಣಜದ ಬೀಜ ಹೋಗಿ ಹೈಬ್ರಿಡ್ ಬಂದಂದಿನಿಂದ ಪ್ರತಿ ಹಂಗಾಮಿಗೂ ಅಂಗಡಿಯ ಮುಂದೆ ನಿಲ್ಲಬೇಕಾಯಿತು. ಅಂದಿನ ಅನೇಕ ಯಂತ್ರಗಳ ಪೆಟ್ಟಿಗೆಯನ್ನು ಸ್ಕ್ರೂಡ್ರೈವರ್ ತೆರೆಯುತ್ತಿತ್ತು. ಇಂದಿನ ಅನೇಕ ಸಾಧನಗಳಿಗೆ ಅಂಟು ಮೆತ್ತಲಾಗಿದೆ, ಅವುಗಳ ಸರ್ಕ್ಯೂಟ್ ನಕ್ಷೆ ಕೊಂಡವನ ಕೈಗೆ ಸಿಗುವುದಿಲ್ಲ. ಬೀಜದ ಸ್ವಾತಂತ್ರ್ಯಕ್ಕೂ ರಿಪೇರಿಯ ಸ್ವಾತಂತ್ರ್ಯಕ್ಕೂ ಬೇರು ಒಂದೇ.

ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿ ರಚಿಸಿತು. ಅದರ ಪಟ್ಟಿಯಲ್ಲಿ ಕೃಷಿ ಯಂತ್ರಗಳೂ ಇದ್ದವು. ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಒಂದು ಆರಂಭವಾಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತ್ಯಾಜ್ಯದ ಮರುಸಂಸ್ಕರಣೆಗೆ ಉತ್ಪಾದಕರನ್ನು ಹೊಣೆಯಾಗಿಸಿದವು. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಪುಡಿಮಾಡಿ ಲೋಹ ತೆಗೆಯುವುದಕ್ಕಿಂತ ಪುಡಿಯಾಗದಂತೆ ಉಳಿಸುವುದು ಮೇಲು. ಬಿಡಿಭಾಗ ಮತ್ತು ನಕ್ಷೆಗಳನ್ನು ಕೊಡಲೇಬೇಕೆಂಬ ಕಟ್ಟಳೆಯನ್ನು ಯಾವ ಪೋರ್ಟಲೂ ವಿಧಿಸಲಾರದು. ಅದಕ್ಕೆ ಕಾನೂನೇ ಬೇಕು.

ಆ ಕಾನೂನಿಗಾಗಿ ಗ್ರಾಮಸಭೆಗಳು ನಿರ್ಣಯ ಮಾಡಲಿ. ಜಿಲ್ಲೆಯ ಐಟಿಐ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಮರಳಿದಾಗ, ಬಲ್ಲ ಹಿರಿಯ ರೇಡಿಯೊ ಮೆಕ್ಯಾನಿಕ್ಕರ ಪಕ್ಕದಲ್ಲಿ ಕುಳಿತು ಬೆಸುಗೆ ಹಿಡಿಯುವುದನ್ನು ಕಲಿಯಲಿ. ಅಟ್ಟದ ಪೆಟ್ಟಿಗೆ ರೆಸಾರ್ಟಿನ ಶೋಕೇಸಿಗೂ ಹೋಗಬಾರದು, ಗುಜರಿಯ ತಕ್ಕಡಿಗೂ ಏರಬಾರದು. ಅದು ಕೆಳಗಿಳಿದು ಮತ್ತೆ ಹಾಡಬೇಕು.