ಪಾಳು ಲೋಕದಲ್ಲಿ ಕಣ್ಣು ಮತ್ತು ಕೈ

ಕುರುಕ್ಷೇತ್ರದ ಯುದ್ಧ ಮುಗಿಯುತ್ತ ಬಂದ ಹೊತ್ತಿನಲ್ಲಿ ರನ್ನನ ದುರ್ಯೋಧನನು ಸಂಜಯನೊಡನೆ ರಣರಂಗವನ್ನು ಹಾದು ಹೋಗುತ್ತಾನೆ. ದಾರಿಯುದ್ದಕ್ಕೂ ಹೆಣಗಳು. ದ್ರೋಣನನ್ನು ಕಾಣುತ್ತಾನೆ, ಶತ್ರುಪಕ್ಷದ ಅಭಿಮನ್ಯುವನ್ನು ಕಾಣುತ್ತಾನೆ, ಮಗ ಲಕ್ಷಣನನ್ನು, ತಮ್ಮ ದುಶ್ಶಾಸನನನ್ನು, ಕರ್ಣನನ್ನು ಕಾಣುತ್ತಾನೆ. ಗದಾಯುದ್ಧವನ್ನು ತರಗತಿಯಲ್ಲಿ ಓದಿದವರಾರೂ ಈ ಭಾಗವನ್ನು ಮರೆಯಲಾರರು. ಅಲ್ಲಿ ನಡೆಯುವುದಾದರೂ ಏನು? ಒಬ್ಬ ಮನುಷ್ಯ ನಡೆಯುತ್ತಾನೆ, ನಿಲ್ಲುತ್ತಾನೆ, ನೋಡುತ್ತಾನೆ, ಮಾತನಾಡುತ್ತಾನೆ, ಮತ್ತೆ ನಡೆಯುತ್ತಾನೆ. ಅಷ್ಟರಲ್ಲಿಯೇ ಅವನ ಮೇಲೆ ನಮಗಿದ್ದ ತಿರಸ್ಕಾರ ಕರಗಿಹೋಗಿರುತ್ತದೆ.

ಈ ನಡಿಗೆಯನ್ನು ಇಂದು ನೆನೆಯಲು ಕಾರಣವುಂಟು. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರಲ್ಲಿ ಅನೇಕರು ಇಂಥದೇ ಒಂದು ನಡಿಗೆಯನ್ನು ಗಣಕದ ಪರದೆಯ ಮೇಲೆ ರಾತ್ರಿಯೆಲ್ಲ ನಡೆಯುತ್ತಿದ್ದಾರೆ. ಅಣುಯುದ್ಧವೋ ಮಹಾಮಾರಿಯೋ ಲೋಕವನ್ನು ಹಾಳುಗೆಡವಿದ ಮೇಲೆ ಉಳಿದವನೊಬ್ಬನ ಪಾತ್ರವನ್ನು ವಹಿಸಿ, ಪಾಳು ನಗರಗಳನ್ನು ಅಲೆಯುತ್ತ, ಎದುರಾದವರೊಡನೆ ಕಾದಾಡುತ್ತ ಸಾಗುವ ವಿಡಿಯೊ ಗೇಮುಗಳ ಮಾತು ಇದು. ಸಾಹಿತ್ಯದ ಪುಟದಲ್ಲಿ ಆಟಿಕೆಯ ವಿಚಾರವೇಕೆ ಎಂದು ಹುಬ್ಬೇರಿಸುವ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಕೋರುತ್ತೇವೆ. ಹಿಂದೆ ಕಾದಂಬರಿಯ ಮೇಲೂ, ಆಮೇಲೆ ಸಿನಿಮಾದ ಮೇಲೂ ಇದೇ ಹುಬ್ಬು ಏರಿತ್ತು.

ಈ ಬಗೆಯ ಆಟಗಳಿಗೆ ನಾಲ್ಕು ದಶಕಗಳ ಸಮೀಪದ ಚರಿತ್ರೆಯಿದೆ. 1988ರಲ್ಲಿ ಅಮೆರಿಕದ ಇಂಟರ್‌ಪ್ಲೇ ಸಂಸ್ಥೆಯವರು ರೂಪಿಸಿದ 'ವೇಸ್ಟ್‌ಲ್ಯಾಂಡ್' ಎಂಬ ಆಟ ಹೊರಬಂದಿತು. ಅಂದಿನ ಗಣಕದ ತಟ್ಟೆಗಳಲ್ಲಿ ಕಥೆಗೆ ಸಾಕಷ್ಟು ಜಾಗವಿರಲಿಲ್ಲವಾಗಿ ಕಥಾಭಾಗಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಜೊತೆಗೆ ಕೊಟ್ಟಿದ್ದರಂತೆ. ಇಂತಿಂಥ ಕಡೆ ಬಂದಾಗ ಇಂತಿಂಥ ಸಂಖ್ಯೆಯ ಭಾಗವನ್ನು ಓದಿಕೊಳ್ಳಿ ಎಂದು ಪರದೆ ಹೇಳುತ್ತಿತ್ತು. ಆಟ ಹುಟ್ಟಿದಂದಿನಿಂದಲೂ ಓದಿನ ಕೈ ಹಿಡಿದೇ ನಡೆದುದು ಎಂಬುದಕ್ಕೆ ಇಷ್ಟು ಸಾಕು. ಅದೇ ಸಂಸ್ಥೆಯಿಂದ 1997ರಲ್ಲಿ 'ಫಾಲೌಟ್' ಬಂದಿತು. ಟಿಮ್ ಕೇನ್ ಮತ್ತು ಅವರ ಸಂಗಡಿಗರು ಕಟ್ಟಿದ ಈ ಆಟದ ಕಥೆಯಂತೆ 2077ರ ಅಕ್ಟೋಬರ್ 23ರಂದು ಒಂದೆರಡು ಗಂಟೆಗಳಲ್ಲಿ ಲೋಕ ಸುಟ್ಟುಹೋಗುತ್ತದೆ. ನೆಲದಡಿಯ ಗೂಡುಗಳಲ್ಲಿ ಅಡಗಿದವರ ಮೊಮ್ಮಕ್ಕಳ ಕಾಲಕ್ಕೆ, ಕ್ಯಾಲಿಫೋರ್ನಿಯದ ಹದಿಮೂರನೆಯ ಗೂಡಿನಲ್ಲಿ ನೀರನ್ನು ಶುದ್ಧಗೊಳಿಸುವ ಯಂತ್ರದ ಒಂದು ಬಿಲ್ಲೆ ಕೆಡುತ್ತದೆ. ಇನ್ನೊಂದು ಬಿಲ್ಲೆಯನ್ನು ಹುಡುಕಿ ತರಲು ಒಬ್ಬನನ್ನು ಹೊರಗೆ ಕಳುಹಿಸುತ್ತಾರೆ. ಗಡುವು 150 ದಿನ. ಲೋಕೋದ್ಧಾರದ ಮಾತಿಲ್ಲ, ರಾಜಕುಮಾರಿಯಿಲ್ಲ, ನಿಧಿಯಿಲ್ಲ. ಕುಡಿಯುವ ನೀರು ಬೇಕು, ಅಷ್ಟೆ. ಬಯಲುಸೀಮೆಯ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಡುವವನು ಮೊದಲು ತನ್ನ ಪಾತ್ರವನ್ನು ತಾನೇ ರೂಪಿಸಿಕೊಳ್ಳಬೇಕು. ಬಲ, ಗ್ರಹಣಶಕ್ತಿ, ಸಹನೆ, ಆಕರ್ಷಣೆ, ಬುದ್ಧಿ, ಚುರುಕು, ಅದೃಷ್ಟ ಎಂಬ ಏಳು ಗುಣಗಳಿಗೆ ಅಂಕಗಳನ್ನು ಹಂಚಬೇಕು. ಬುದ್ಧಿಗೆ ತೀರ ಕಡಿಮೆ ಅಂಕವಿಟ್ಟರೆ ಪಾತ್ರಕ್ಕೆ ನೆಟ್ಟಗೆ ಮಾತೇ ಬರದು. ಊರೂರಿನ ಜನರೆದುರು ಹೂಂಕರಿಸುತ್ತ ನಿಲ್ಲಬೇಕಾಗುತ್ತದೆ. (ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ಮೇಷ್ಟರುಗಳಿಗೆ ಈ ಏರ್ಪಾಟು ಬಹಳ ಮೆಚ್ಚುಗೆಯಾದೀತು.)

ಅಲೆದಾಟದ ಅನುಭವ ಪೂರ್ಣವಾಗಿ ಅರಳಿದುದು ಮಾತ್ರ ಬೆಥೆಸ್ಡ ಸಂಸ್ಥೆಯವರು 2008ರಲ್ಲಿ ತಂದ ಮೂರನೆಯ ಫಾಲೌಟಿನಲ್ಲಿ. ನೆಲದಡಿಯಲ್ಲಿಯೇ ಬೆಳೆದ ತರುಣನೊಬ್ಬ ಮೊದಲ ಬಾರಿಗೆ ಹೊರಬಂದಾಗ ಬಿಸಿಲಿಗೆ ಕಣ್ಣು ಕುಕ್ಕಿ ಪರದೆಯೆಲ್ಲ ಬೆಳ್ಳಗಾಗುತ್ತದೆ. ಮೆಲ್ಲಮೆಲ್ಲನೆ ಬಯಲು ಕಣ್ಣಿಗೆ ಬೀಳುತ್ತದೆ: ಮುರಿದ ಹೆದ್ದಾರಿ, ಎಲೆಯಿಲ್ಲದ ಮರ, ದೂರದಲ್ಲಿ ವಾಷಿಂಗ್‌ಟನ್ ನಗರದ ಮುಕ್ಕಾದ ಸ್ಮಾರಕಗಳು. ಎತ್ತ ಹೋಗಬೇಕೆಂದು ಕೈ ಹಿಡಿದು ನಡೆಸುವವರಿಲ್ಲ. ಯಾವುದೋ ಮನೆಯನ್ನು ಹೊಕ್ಕರೆ ಹಾಸಿಗೆಯ ಮೇಲೆ ಒಂದರ ಪಕ್ಕದಲ್ಲೊಂದು ಎರಡು ಅಸ್ಥಿಪಂಜರಗಳು. ಇನ್ನೂರು ವರ್ಷಗಳ ಹಿಂದೆ ಆ ಸಂಜೆ ಅಲ್ಲಿ ಏನು ನಡೆಯಿತೆಂದು ಯಾರೂ ಹೇಳುವುದಿಲ್ಲ. ನೋಡುವವನೇ ಊಹಿಸಿಕೊಳ್ಳಬೇಕು. ಹೇಳದೆ ಬಿಟ್ಟುದನ್ನು ಹೇಳಿದುದಕ್ಕಿಂತ ಹೆಚ್ಚಾಗಿ ಕೇಳಿಸುವುದು ಧ್ವನಿ ಎಂದು ನಮ್ಮ ಆಲಂಕಾರಿಕರು ಕರೆದರಲ್ಲವೆ? ಆನಂದವರ್ಧನನಿಗೆ ಈ ಕೋಣೆಗಳನ್ನು ತೋರಿಸಿದ್ದರೆ ಆತ ಮುಖ ತಿರುಗಿಸುತ್ತಿರಲಿಲ್ಲವೆಂದೇ ನಮ್ಮ ನಂಬಿಕೆ.

ಇದಿಷ್ಟು ಕಣ್ಣಿನ ಕಥೆ. ಕೈಯ ಕಥೆ ಬೇರೆಯೇ ಇದೆ.

ಆ ಬಯಲಿನಲ್ಲಿ ಚದುರಿಬಿದ್ದ ಕೆಲವು ಧ್ವನಿಮುದ್ರಿಕೆಗಳಿವೆ. ಕೆಲ್ಲರ್ ಎಂಬ ಮನೆತನದವರವು. ಯುದ್ಧ ಬಂದಾಗ ಒಂದು ಸೈನಿಕ ನೆಲಮಾಳಿಗೆಯಲ್ಲಿ ಎಲ್ಲರೂ ಕೂಡಬೇಕೆಂದು ನಿಶ್ಚಯಿಸಿ, ಅದರ ಬಾಗಿಲಿನ ಗುಪ್ತಸಂಖ್ಯೆಯ ಒಂದೊಂದು ತುಣುಕನ್ನು ಒಬ್ಬೊಬ್ಬರ ಬಳಿ ಉಳಿಸಿಕೊಂಡಿದ್ದ ಕುಟುಂಬ ಅದು. ಆಡುವವನು ಊರೂರು ಅಲೆದು ಆ ದನಿಗಳನ್ನು ಒಂದೊಂದಾಗಿ ಕೂಡಿಸುತ್ತಾನೆ. ಕೇಳಿದರೆ ಕರುಳು ಚುರುಕ್ಕೆನ್ನುವ ಸಂಗತಿ. ಎಲ್ಲವೂ ಕೂಡಿದಾಗ ಬಾಗಿಲು ತೆರೆಯುತ್ತದೆ. ಒಳಗೇನಿದೆ? ಒಂದೇ ಏಟಿಗೆ ಎಂಟು ಪುಟ್ಟ ಅಣುಬಾಂಬುಗಳನ್ನು ಎಸೆಯುವ ಕೈಯಾಯುಧ! ಅಣುಯುದ್ಧದಲ್ಲಿ ನಾಶವಾದ ಮನೆತನದ ಕೊನೆಯ ಮಾತುಗಳನ್ನು ಕಿವಿಗೊಟ್ಟು ಕೇಳಿದುದಕ್ಕೆ ದೊರೆಯುವ ಬಹುಮಾನ ಅದು. ಆಟ ಕಟ್ಟಿದವರು ಇದನ್ನು ವಿಡಂಬನೆಯೆಂದೇ ಇಟ್ಟಿರಬಹುದು. ಆ ಸರಣಿಯಲ್ಲಿ ಕಹಿ ನಗೆಗೆ ಬರವಿಲ್ಲ. ಆದರೆ ನೂರಾರು ಗಂಟೆಗಳ ಕಾಲ ಇದೇ ವ್ಯವಹಾರ ನಡೆದರೆ ವಿಡಂಬನೆ ಎಷ್ಟು ಹೊತ್ತು ವಿಡಂಬನೆಯಾಗಿ ಉಳಿದೀತು? ಪ್ರತಿ ಮೇಜಿನ ಸೆಳೆಖಾನೆ, ಪ್ರತಿ ಹೆಣದ ಜೇಬು ಕೈಗೆ ಸಿಕ್ಕುವ ಸಾಮಾನಿನ ಪಟ್ಟಿಯಾಗುತ್ತದೆ. ಇಷ್ಟು ಗುಂಡು, ಇಷ್ಟು ಔಷಧ, ಹಣದ ಬದಲು ಚಲಾವಣೆಯಲ್ಲಿರುವ ಸೀಸೆಯ ಬಿರಡೆ ಇಷ್ಟು. ಮೊದಲ ದಿನ ಅಸ್ಥಿಪಂಜರದೆದುರು ನಿಂತು ನಿಟ್ಟುಸಿರಿಟ್ಟವನೇ ಹತ್ತನೆಯ ದಿನ ಅದರ ಪಕ್ಕದ ಪೆಟ್ಟಿಗೆಯನ್ನು ಮಾತ್ರ ನೋಡುತ್ತಾನೆ. ದುರ್ಯೋಧನನು ಕರ್ಣನ ಹೆಣದ ಬಳಿ ನಿಂತು ಅವನ ಬತ್ತಳಿಕೆಯಲ್ಲಿ ಎಷ್ಟು ಬಾಣ ಉಳಿದಿದೆ ಎಂದು ಎಣಿಸಿದ್ದರೆ ರನ್ನನ ಕಾವ್ಯದ ಗತಿ ಏನಾಗುತ್ತಿತ್ತು?

ಕಾದಾಟದಲ್ಲಿ ಸುಖವೇ ಇಲ್ಲವೆಂದು ನಟಿಸುವುದು ಪ್ರಾಮಾಣಿಕತೆಯಲ್ಲ. ಆರಂಭದ ದಿನಗಳ ಕಾದಾಟದಲ್ಲಿ ಸಾಚಾ ಭಯವುಂಟು. ಕೈಯಲ್ಲಿ ತುಕ್ಕು ಹಿಡಿದ ಪಿಸ್ತೂಲು, ಏಳೆಂಟು ಗುಂಡು. ಕತ್ತಲ ಸುರಂಗದಲ್ಲಿ ಯಾವುದೋ ಕೆರೆಯುವ ಸದ್ದು. ಕೊಲ್ಲುವುದೋ ಓಡುವುದೋ ಎಂದು ಕ್ಷಣ ಯೋಚಿಸಬೇಕು, ಏಕೆಂದರೆ ಪ್ರತಿ ಗುಂಡಿಗೂ ಬೆಲೆಯಿದೆ. 2010ರ 'ನ್ಯೂ ವೇಗಸ್'ನಲ್ಲಿ ಕಠಿಣ ಬಗೆಯನ್ನು ಆಯ್ದುಕೊಂಡರಂತೂ ಹಸಿವು, ಬಾಯಾರಿಕೆ, ನಿದ್ದೆಗಳ ಲೆಕ್ಕವೂ ಬೆನ್ನಿಗೆ ಬೀಳುತ್ತದೆ. ಮುಂದೆ ಆಯುಧಗಳು ಹೆಚ್ಚಿದಂತೆ ಭಯಾನಕವು ವೀರವಾಗಿ, ವೀರವು ಬೇಸರವಾಗಿ ಇಳಿಯುತ್ತದೆ. ಮೂರನೆಯ ಫಾಲೌಟಿನಲ್ಲಿ ಕಾಲವನ್ನು ನಿಲ್ಲಿಸಿ ಎದುರಾಳಿಯ ತಲೆಗೆ ಹೊಡೆದರೆ ತಗಲುವ ಸಂಭವ ಶೇಕಡ ಎಷ್ಟು, ಕಾಲಿಗಾದರೆ ಎಷ್ಟು ಎಂದು ಅಂಕಿಗಳಲ್ಲಿ ತೋರಿಸುವ ಒಂದು ಯುಕ್ತಿಯಿದೆ. ಗುಂಡು ಹೊರಟ ಮೇಲೆ ಅವಯವಗಳು ಹಾರುವುದನ್ನು ನಿಧಾನಗತಿಯಲ್ಲಿ ಕಾಣಿಸುತ್ತಾರೆ. ಒಮ್ಮೆ ನೋಡಿ ಬೆಚ್ಚಿದುದನ್ನು ನೂರನೆಯ ಸಲ ಆಕಳಿಸುತ್ತ ನೋಡುವಂತಾಗುತ್ತದೆ. ಹಿಂಸೆಯನ್ನು ಆಡಿದವರೆಲ್ಲ ಹಿಂಸಕರಾಗುತ್ತಾರೆಂಬ ಗಾಬರಿಯ ಮಾತು ನಮ್ಮದಲ್ಲ. ಆಕಳಿಕೆಯೇ ನಮ್ಮ ಚಿಂತೆ.

ಈ ಆಟಕ್ಕೂ ನಮ್ಮ ದೇಶಕ್ಕೂ ಒಂದು ವಿಚಿತ್ರ ಪ್ರಸಂಗದ ನಂಟಿದೆ. 2008ರ ಅಕ್ಟೋಬರಿನಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯವರು ಮೂರನೆಯ ಫಾಲೌಟನ್ನು ಭಾರತದಲ್ಲಿ ಬಿಡುಗಡೆ ಮಾಡುವುದಿಲ್ಲವೆಂದು ಸಾರಿದರು. ಸಾಂಸ್ಕೃತಿಕ ಸೂಕ್ಷ್ಮಗಳು ಕಾರಣವೆಂದರು. ಸೂಕ್ಷ್ಮ ಯಾವುದೆಂದು ಬಿಡಿಸಿ ಹೇಳಲಿಲ್ಲ. ವಿಕಿರಣದಿಂದ ಎರಡು ತಲೆ ಮೂಡಿದ ಹಸುವೊಂದು ಆಟದಲ್ಲಿದೆ, ಅದರ ಹೆಸರು 'ಬ್ರಾಹ್ಮಿನ್', ಅದೇ ಕಾರಣವಿದ್ದೀತೆಂದು ಜನ ಊಹಿಸಿದರು. ಅಮೆರಿಕದಲ್ಲಿ 'ಬ್ರಾಹ್ಮನ್' ಎಂಬ ಹೆಸರಿನ ದನದ ತಳಿಯೊಂದು ನಿಜವಾಗಿಯೂ ಉಂಟು. ಭಾರತದಿಂದ ಹೋದ ಗಿರ್, ಗುಜರಾತ್, ನೆಲ್ಲೂರು ತಳಿಗಳೊಡನೆ ನಮ್ಮ ಕೃಷ್ಣಾತೀರದ ತಳಿಯ ರಕ್ತವೂ ಅದರಲ್ಲಿದೆ. ಹೀಗೆ ವಿಜಾಪುರ ಬಾಗಲಕೋಟೆಗಳ ಎತ್ತಿನ ದೂರದ ಸಂಬಂಧಿಯೊಂದು, ತಲೆಯೊಂದನ್ನು ಹೆಚ್ಚಾಗಿ ಹೊತ್ತು, ಕಾಲ್ಪನಿಕ ಪ್ರಳಯದ ನಂತರದ ಅಮೆರಿಕದಲ್ಲಿ ಹೇರು ಎಳೆಯುತ್ತಿದೆ.

ಇರಲಿ. ಅದೇ ಆಟದಲ್ಲಿ ಮೆಗಟನ್ ಎಂಬ ಊರಿದೆ. ಸಿಡಿಯದೆ ಬಿದ್ದ ಅಣುಬಾಂಬಿನ ಸುತ್ತ ತಗಡಿನ ಮನೆಗಳನ್ನು ಕಟ್ಟಿಕೊಂಡ ಜನ. ಆ ಬಾಂಬನ್ನೇ ದೇವರೆಂದು ಪೂಜಿಸುವವರೂ ಅವರಲ್ಲುಂಟು. ಆಡುವವನು ಬಾಂಬನ್ನು ನಿಷ್ಕ್ರಿಯಗೊಳಿಸಿ ಅದೇ ಊರಿನಲ್ಲಿ ಒಂದು ಮನೆಯನ್ನು ಪಡೆಯಬಹುದು. ಅಥವಾ ದೂರದ ಶ್ರೀಮಂತರ ಗೋಪುರದ ಮೇಲೆ ನಿಂತು, ಗುಂಡಿಯೊತ್ತಿ, ಊರನ್ನು ಸುಟ್ಟು, ಆ ಗೋಪುರದಲ್ಲೊಂದು ಸುಸಜ್ಜಿತ ಕೋಣೆಯನ್ನು ಪಡೆಯಬಹುದು. ಜಪಾನಿನ ಆವೃತ್ತಿಯಲ್ಲಿ ಊರನ್ನು ಸುಡುವ ಆಯ್ಕೆಯನ್ನೇ ತೆಗೆದುಹಾಕಿದರು. ನಾಗಸಾಕಿಯ ಬಾಂಬಿನ ಹೆಸರನ್ನು ಹೊತ್ತಿದ್ದ ಆಯುಧಕ್ಕೆ ಬೇರೆ ಹೆಸರಿಟ್ಟರು. ಅವರಿಗೆ ನೋವು ಎಲ್ಲಿದೆಯೆಂದು ಮಾರಾಟಗಾರರಿಗೆ ತಿಳಿದಿತ್ತು. ನಮ್ಮ ಪಾಲಿಗೆ ಅವರು ಕಂಡುಕೊಂಡ ನೋವು ಒಂದು ಹಸುವಿನ ಹೆಸರಾಗಿದ್ದರೆ ಅದಕ್ಕೆ ಅವರನ್ನು ದೂರಿ ಫಲವೇನು? ಎರಡು ಸಲ ಅಣುಪರೀಕ್ಷೆ ನಡೆಸಿದ ನಾಡಿನ ಸಾಹಿತ್ಯಪ್ರಪಂಚದಲ್ಲಿ ಆ ಗುಂಡಿಯ ಬಗ್ಗೆ, ಅದನ್ನೊತ್ತಿ ಕೋಣೆ ಪಡೆಯುವವನ ಬಗ್ಗೆ ಚರ್ಚೆಯೇ ಏಳಲಿಲ್ಲ. ಹುಡುಗರು ಮಾತ್ರ ಈ ಸರಣಿಯ ಆಟಗಳನ್ನು ಹೇಗೋ ಪಡೆದು ಆಡಿಯೇ ಆಡಿದರು.

ಈ ಆಟಗಳ ಅತ್ಯುತ್ತಮ ಬರವಣಿಗೆ ಕಾದಾಟದಿಂದ ದೂರದಲ್ಲಿ ಅಡಗಿದೆ. 2011ರಲ್ಲಿ ನ್ಯೂ ವೇಗಸ್‌ಗೆ ಸೇರಿಸಿದ 'ಆನೆಸ್ಟ್ ಹಾರ್ಟ್ಸ್' ಎಂಬ ಭಾಗ ಯೂಟಾ ಪ್ರಾಂತದ ಜಿಯಾನ್ ಕಣಿವೆಯಲ್ಲಿ ನಡೆಯುತ್ತದೆ. ಅಲ್ಲಿನ ಗವಿಗಳಲ್ಲಿರುವ ಗಣಕಗಳಲ್ಲಿ ರ್‍ಯಾಂಡಲ್ ಕ್ಲಾರ್ಕ್ ಎಂಬ ಸೈನಿಕನ ದಿನಚರಿ ಬಿಡಿಬಿಡಿಯಾಗಿ ಸಿಗುತ್ತದೆ. ಬಾಂಬು ಬಿದ್ದ ದಿನ ಹೆಂಡತಿ ಮಗನನ್ನು ಕಳೆದುಕೊಂಡವನು. ಸಾಯಬೇಕೆಂದು ಬಯಸಿ ಸಾಯಲಾರದೆ ಉಳಿದವನು. ಮತ್ತೊಮ್ಮೆ ಸಂಸಾರ ಕಟ್ಟಿದ, ಹೆರಿಗೆಯಲ್ಲಿ ಅದನ್ನೂ ಕಳೆದುಕೊಂಡ. ಮುಪ್ಪಿನಲ್ಲಿ ಎಲ್ಲಿಂದಲೋ ತಪ್ಪಿಸಿಕೊಂಡು ಬಂದ ಮಕ್ಕಳ ಗುಂಪೊಂದು ಕಣಿವೆಗೆ ಬರುತ್ತದೆ. ಆತ ಅವರಿಗೆ ಮುಖ ತೋರಿಸುವುದಿಲ್ಲ. ಮರೆಯಿಂದ ಕಾಯುತ್ತಾನೆ, ಬೇಕಾದ ಸಾಮಾನನ್ನೂ ಒಂದು ಓಲೆಯನ್ನೂ ಇಟ್ಟು ಹೋಗುತ್ತಾನೆ. ಆ ಮಕ್ಕಳ ಸಂತತಿ ಆತನನ್ನು ಗವಿಯ ತಂದೆಯೆಂದು ಪೂಜಿಸುತ್ತದೆ. ಹೆಸರು ಮಾತ್ರ ಅವರಿಗೆ ತಿಳಿಯದು. ಆಡುವವನೊಬ್ಬನಿಗೇ ತಿಳಿದಿರುತ್ತದೆ. ಈ ಕಥೆಯನ್ನು ಓದಲು ಒಂದು ಗುಂಡನ್ನೂ ಹಾರಿಸಬೇಕಾಗಿಲ್ಲ, ದಾರಿಯ ಮೃಗಗಳು ಬಿಟ್ಟರೆ.

ಕೊನೆಗೆ ಎತ್ತರದ ಬಂಡೆಯೊಂದರ ಮೇಲೆ, ಕಣಿವೆಯನ್ನು ನೋಡುತ್ತ ಕುಳಿತಲ್ಲಿಯೇ 2124ರಲ್ಲಿ ಪ್ರಾಣ ಬಿಟ್ಟ ಅವನ ಎಲುಬುಗಳು ಸಿಗುತ್ತವೆ. ಬಳಿಯಲ್ಲಿ ಅವನ ಬಂದೂಕು. ಬಹಳ ಒಳ್ಳೆಯ ಬಂದೂಕು. ತೆಗೆದುಕೊಳ್ಳದೆ ಬರಲು ಅಡ್ಡಿಯೇನೂ ಇಲ್ಲ. ಆದರೆ ಬಿಟ್ಟು ಬಂದುದನ್ನು ಆಟ ಗಮನಿಸುವುದಿಲ್ಲ. ತೆಗೆದುಕೊಂಡರೂ ಗಮನಿಸುವುದಿಲ್ಲ. ಅಷ್ಟು ಚೆಂದವಾಗಿ ಬರೆದವರಿಗೆ ಇದೊಂದು ಹೊಳೆಯಲಿಲ್ಲವೇ ಎಂದು ಸಂಕಟವಾಗುತ್ತದೆ.

ಗಮನಿಸುವ ಶಕ್ತಿ ಈ ಮಾಧ್ಯಮಕ್ಕಿಲ್ಲವೆಂದಲ್ಲ. 1997ರ ಮೊದಲ ಫಾಲೌಟಿನ ಖಳನಾಯಕನನ್ನು ನೆನೆಯಿರಿ. ಮನುಷ್ಯರನ್ನೆಲ್ಲ ಹೊಸದೊಂದು ದೈತ್ಯಜಾತಿಯಾಗಿ ಮಾರ್ಪಡಿಸಿದರೆ ಮುಂದೆ ಯುದ್ಧವೇ ಇರದೆಂಬ ಸಿದ್ಧಾಂತ ಅವನದು. ಅವನನ್ನು ಕೊಲ್ಲಬಹುದು. ಕೊಲ್ಲದೆ, ಆ ಜಾತಿಗೆ ಸಂತಾನಶಕ್ತಿಯಿಲ್ಲವೆಂಬ ಶವಪರೀಕ್ಷೆಯ ದಾಖಲೆಯನ್ನು ಸಂಪಾದಿಸಿ ಅವನೆದುರಿಗಿಟ್ಟು ವಾದಿಸಲೂಬಹುದು. ತನ್ನ ಕನಸು ಒಂದೇ ತಲೆಮಾರಿಗೆ ಮುಗಿಯುವುದೆಂದು ಮನವರಿಕೆಯಾದಾಗ ಅವನು ತನ್ನನ್ನು ತಾನೇ ನಾಶಮಾಡಿಕೊಳ್ಳುತ್ತಾನೆ. ಅಲೆದು, ಓದಿ, ತಿಳಿದುದು ಅಲ್ಲಿ ಆಯುಧಕ್ಕಿಂತ ಮಿಗಿಲಾಯಿತು. ಗೆದ್ದು ಮರಳಿದವನನ್ನು ಅವನ ಗೂಡಿನವರು ಒಳಗೆ ಬಿಟ್ಟುಕೊಳ್ಳದೆ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತಾರೆ. ಹೊರಗಿನ ಲೋಕವನ್ನು ಕಂಡು, ಕೊಂದು, ಬದಲಾದವನು ಇನ್ನು ಒಳಗಿನವನಲ್ಲ ಎಂಬ ಕಾರಣಕ್ಕೆ. ಇಲ್ಲಿ ಕೈಯ ಲೆಕ್ಕವನ್ನು ಕಣ್ಣೆದುರಿಗೆ ತಂದು ಇಟ್ಟಿದ್ದಾರೆ. ಹನ್ನೊಂದು ವರ್ಷಗಳ ಬಳಿಕ ಬಂದ ಸಿರಿವಂತ ಆಟದಲ್ಲಿ ಈ ತೂಕ ಇಲ್ಲ.

ಪ್ರಳಯದ ಕಥೆಯಲ್ಲದಿದ್ದರೂ ಇದೇ ಕುಲಕ್ಕೆ ಸೇರಿದ ಇನ್ನೊಂದು ಆಟವನ್ನು ಹೇಳಬೇಕು. ಪೋಲೆಂಡಿನ ವಾರ್ಸಾದಲ್ಲಿ 2014ರಲ್ಲಿ ಸಿದ್ಧವಾದ 'ದಿಸ್ ವಾರ್ ಆಫ್ ಮೈನ್'. 1992ರಿಂದ 1996ರವರೆಗೆ ಮುತ್ತಿಗೆಯಲ್ಲಿ ನರಳಿದ ಸರಾಯೆವೊ ನಗರದಿಂದ ಪ್ರೇರಣೆ ಪಡೆದುದು. ಇಲ್ಲಿ ಆಡುವವನು ವೀರನಲ್ಲ. ಮುರುಕು ಮನೆಯಲ್ಲಿ ಹಸಿದು ಕುಳಿತ ಕೆಲವು ಜನ ಸಾಮಾನ್ಯರು. ರಾತ್ರಿ ಒಬ್ಬ ಹೊರಗೆ ಹೋಗಿ ಏನಾದರೂ ತರಬೇಕು. ಒಂದು ಮನೆಯಲ್ಲಿ ಮುದಿ ದಂಪತಿಗಳಿದ್ದಾರೆ. ಎದುರಿಸುವ ತ್ರಾಣ ಅವರಿಗಿಲ್ಲ. ಅವರ ಅನ್ನವನ್ನೂ ಔಷಧವನ್ನೂ ಕದ್ದು ತಂದರೆ ಮನೆಯ ರೋಗಿ ಉಳಿಯುತ್ತಾನೆ. ಆದರೆ ಕದ್ದವನ ಮನಸ್ಸು ಕುಗ್ಗುತ್ತದೆ; ಇಂಥದು ಹೆಚ್ಚಿದರೆ ಒಂದು ದಿನ ಅವನು ನೆಲದ ಮೇಲೆ ಕುಳಿತುಬಿಡುತ್ತಾನೆ. ಆಡುವವನು ಹೇಳಿದ ಮಾತನ್ನು ಕೇಳುವುದಿಲ್ಲ. ಜೊತೆಯವರಾರಾದರೂ ಪಕ್ಕದಲ್ಲಿ ಬಂದು ಸಮಾಧಾನ ಹೇಳಬೇಕು. 2020ರಲ್ಲಿ ಪೋಲೆಂಡಿನ ಸರಕಾರ ಈ ಆಟವನ್ನು ಶಾಲೆಗಳ ಶಿಫಾರಸು ಪಟ್ಟಿಗೆ ಸೇರಿಸಿತು. ಕಾದಂಬರಿಗಳ ಸಾಲಿನಲ್ಲಿ ಒಂದು ಆಟ!

ನಮ್ಮ ಪಠ್ಯಸಮಿತಿಗಳಿಂದ ಅಂಥದನ್ನು ನಾಳೆಯೇ ಬಯಸುವಷ್ಟು ಭೋಳೆತನ ನಮಗಿಲ್ಲ. ಪಠ್ಯಪುಸ್ತಕ ಸಕಾಲಕ್ಕೆ ಕೈಸೇರಿದರೆ ಅದೇ ದೊಡ್ಡದು. ಆದರೆ ಕನ್ನಡದಲ್ಲಿ ಸಿನಿಮಾ ವಿಮರ್ಶೆ ಬೆಳೆದುದು ಸಿನಿಮಾ ಬಲ್ಲ ಸಹೃದಯರು ಬರೆದುದರಿಂದ. ಆಟಗಳ ಬಗ್ಗೆ ನಮ್ಮಲ್ಲಿ ಈಗ ಇರುವುದು ಎರಡೇ ಮಾತು: ಮಕ್ಕಳು ಕೆಟ್ಟರು ಎಂಬ ಹಿರಿಯರ ಗೊಣಗು, ಚಿತ್ರ ಎಷ್ಟು ಸ್ಪಷ್ಟ, ಗಣಕ ಎಷ್ಟು ಚುರುಕು ಎಂಬ ಕಿರಿಯರ ಲೆಕ್ಕ. ಕ್ಲಾರ್ಕನ ದಿನಚರಿಯನ್ನು ಗವಿಯಿಂದ ಗವಿಗೆ ಅಲೆದು ಓದಿದ ಹುಡುಗಿಯೊಬ್ಬಳು ಆ ಬಂದೂಕನ್ನು ಏನು ಮಾಡಿದಳು, ಏಕೆ ಹಾಗೆ ಮಾಡಿದಳು ಎಂಬುದನ್ನು ನಾವು ಕನ್ನಡದಲ್ಲಿ ಓದಲು ಬಯಸುತ್ತೇವೆ. ಮೆಗಟನ್ನಿನ ಗುಂಡಿಯನ್ನು ಒತ್ತಿದ ಹುಡುಗನೂ ಬರೆಯಲಿ. ಅಧ್ಯಾಪಕರು ಗದಾಯುದ್ಧದ ಪಾಠ ಮುಗಿದ ವಾರ ಇದನ್ನೇ ತರಗತಿಯಲ್ಲಿ ಪ್ರಬಂಧದ ವಿಷಯವಾಗಿ ಕೊಟ್ಟು ನೋಡಬಹುದು. ಚೆನ್ನಾಗಿ ಬಂದ ಬರಹಗಳಿಗೆ ಈ ಪುಟದಲ್ಲಿ ಜಾಗವಿದೆ.