ಇರುಳು ಮಲಗುವ ಹೆದ್ದಾರಿ

ಮೈಸೂರಿನಿಂದ ನಂಜನಗೂಡನ್ನು ಹಾದು ಬರುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಮೂಲಕ ಉದಕಮಂಡಲಕ್ಕೆ. ಇನ್ನೊಂದು ಮದ್ದೂರು, ಮೂಲೆಹೊಳೆಗಳನ್ನು ದಾಟಿ ಸುಲ್ತಾನ್ ಬತ್ತೇರಿ, ಕಲ್ಲಿಕೋಟೆಗಳಿಗೆ. ಎರಡನೆಯದರ ಹಳೆಯ ಸಂಖ್ಯೆ 212, ಈಗಿನದು 766. ಲಾರಿಯವರಿಗೆ ಸಂಖ್ಯೆಯ ಗೊಡವೆಯಿಲ್ಲ. ಅವರ ಚಿಂತೆ ಗಡಿಯಾರದ್ದು.

ಚಕ್ರಕ್ಕೆ ಸಿಕ್ಕಿ ವನ್ಯಮೃಗಗಳು ಸಾಯುತ್ತಿದ್ದುದರಿಂದ, 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಎರಡು ಕವಲುಗಳಲ್ಲಿಯೂ ರಾತ್ರಿ ಸಂಚಾರವನ್ನು ನಿಷೇಧಿಸಿದರು. ಆಜ್ಞೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಹೈಕೋರ್ಟು ಮತ್ತೆ ಜಾರಿಗೆ ತಂದು, 2010ರಲ್ಲಿ ಸ್ಥಿರಪಡಿಸಿತು. ರಾತ್ರಿ 9ರಿಂದ ಬೆಳಗಿನ 6ರವರೆಗೆ ಆಂಬುಲೆನ್ಸಿಗೂ ಗೊತ್ತಾದ ಕೆಲವು ಬಸ್ಸುಗಳಿಗೂ ಮಾತ್ರ ಪ್ರವೇಶ.

ವಯನಾಡಿನವರ ದೂರು ಸುಳ್ಳಲ್ಲ: ಗೋಣಿಕೊಪ್ಪ, ಕುಟ್ಟಗಳ ಬಳಸುದಾರಿ ದೂರದ್ದು. ಆದರೆ ನೀರಿಗೆ ಹೊರಟ ಆನೆಗೆ ಅಷ್ಟೂ ಆಯ್ಕೆಯಿಲ್ಲ. ತರಕಾರಿ ಹೊತ್ತ ಲಾರಿಗಳು ಮದ್ದೂರು ಠಾಣೆಯೆದುರು ಆರು ಗಂಟೆಗಾಗಿ ಕಾಯುತ್ತವೆ.